ಗಂಡ ನಾಪತ್ತೆ: ಎಲ್ಲದಕ್ಕೂ ಏಳು ವರ್ಷ ಕಾಯಬೇಕೆ? ಸಂಬಳ, ಪಿಎಫ್, ಪಿಂಚಣಿ, ಅನುಕಂಪದ ನೌಕರಿ

ಸಂಘದ_ಮೇಜು:
ಒಂದು ಪ್ರಕರಣ ಬಂದಿದೆ, ಗೊತ್ತಿರುವವರು ಬಿಡಿಸಿ ಹೇಳಿ. ಬೆಂಗಳೂರಿನ ಖಾಸಗಿ ಕಾರ್ಖಾನೆ, ಕಾಯಂ ಕೆಲಸಗಾರ, 11 ವರ್ಷ ಸರ್ವೀಸು, ಬೇಸಿಕ್ ಮತ್ತು ಡಿಎ ಸೇರಿ 22,000. ಸೆಕೆಂಡ್ ಶಿಫ್ಟ್ ಮುಗಿಸಿ ಗೇಟು ದಾಟಿದವರು ಮನೆ ತಲುಪಿಲ್ಲ, 40 ದಿನವಾಯಿತು. ಆರನೇ ದಿನ ಠಾಣೆಯಲ್ಲಿ ದೂರು ಕೊಟ್ಟಿದ್ದಾರೆ. ಈಗ ಕಂಪನಿಯಿಂದ ಮನೆಗೆ ನೋಟಿಸ್ ಬಂದಿದೆ: 10 ದಿನದಲ್ಲಿ ಹಾಜರಾಗದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ತೆಗೆಯುತ್ತೇವೆ ಅಂತ. ಅದರ ಮೇಲೆ ಎಚ್‌ಆರ್‌ನವರು ಹೆಂಡತಿಗೆ ಫೋನ್ ಮಾಡಿ, "ರಾಜೀನಾಮೆ ಪತ್ರಕ್ಕೆ ಅವರ ಸಹಿ ಹಾಕಿ ಕೊಡಿ, ಪಿಎಫ್ ಬೇಗ ಬಿಡಿಸಿಕೊಡ್ತೀವಿ" ಅಂದಿದ್ದಾರೆ. ಆಯಮ್ಮ ಪೆನ್ನು ಹಿಡಿದುಕೊಂಡೇ ಕೂತಿದ್ದಾರೆ. ಏನು ಹೇಳಬೇಕು?

ಕೋರ್ಟ್‌ಹಾಲ್_ಹನ್ನೆರಡು:
ಮೊದಲು ಪೆನ್ನು ಕೆಳಗಿಡಲು ಹೇಳಿ. ಇಲ್ಲದವರ ಸಹಿ ಹಾಕಿದರೆ ಅದು ಫೋರ್ಜರಿ, ಎಚ್‌ಆರ್ ಹೇಳಿದರು ಅನ್ನುವುದು ರಕ್ಷಣೆಯಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕಾಣೆಯಾದ ಮೇಲಿನ ತಾರೀಖಿನ ರಾಜೀನಾಮೆ ಅಂದರೆ ಆ ದಿನ ಆತ ಬದುಕಿದ್ದ, ಸ್ವಇಚ್ಛೆಯಿಂದ ಕೆಲಸ ಬಿಟ್ಟ ಅಂತ ಹೆಂಡತಿಯೇ ದಾಖಲೆ ಹುಟ್ಟಿಸಿದ ಹಾಗೆ. ಮುಂದೆ ಕೋರ್ಟಿನಲ್ಲಿ ಅದೇ ಕಾಗದ ಅವರಿಗೆ ಎದುರಾಗುತ್ತದೆ.

ನೋಟಿಸಿಗೆ ಮಾತ್ರ ಗಡುವಿನೊಳಗೆ ಉತ್ತರ ಹೋಗಲೇಬೇಕು. ಒಂದೇ ಪುಟ ಸಾಕು: ನೌಕರನ ಹೆಸರು, ಟೋಕನ್ ನಂಬರು, ಕೊನೆಯ ಶಿಫ್ಟಿನ ದಿನಾಂಕ, ಠಾಣೆ, ಅಪರಾಧ ಸಂಖ್ಯೆ, ದೂರು ಕೊಟ್ಟ ದಿನ. ಆಮೇಲೆ ಹೀಗೆ ಬರೆಯಲಿ: "ನನ್ನ ಪತಿ ಕೆಲಸ ತ್ಯಜಿಸಿಲ್ಲ, ಕಾಣೆಯಾಗಿದ್ದಾರೆ. ಗೈರುಹಾಜರಿಯನ್ನು ಕರ್ತವ್ಯತ್ಯಾಗವೆಂದು ಪರಿಗಣಿಸಬಾರದು. ಅವರ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಉಳಿಸಬೇಕು. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸಬಾರದು." ಎಫ್‌ಐಆರ್ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ. ಇನ್ನೊಂದು ಪ್ರತಿಯನ್ನು ಖುದ್ದು ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಇಮೇಲ್ ಮಾಡಿದರೂ ಇವೆರಡು ಬೇಕು.

ಕಾನೂನು ಅವರ ಕಡೆಗಿದೆ. ರಜೆ ಮುಗಿದ 8 ದಿನದಲ್ಲಿ ಬರದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ ಎಂಬ ಸಾಲು ಹಳೆಯ ಮಾದರಿ ಸ್ಥಾಯಿ ಆದೇಶಗಳಲ್ಲಿ (ಕಾರ್ಖಾನೆಯ ಕೆಲಸದ ಷರತ್ತುಗಳ ನಿಯಮಾವಳಿ) ಇತ್ತು, ಬಹಳ ಕಂಪನಿಗಳು ಇಂದಿಗೂ ಅದನ್ನೇ ಉರು ಹೊಡೆಯುತ್ತವೆ. ಆದರೆ 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆ ಇಲ್ಲದೆ ತಾನೇತಾನಾಗಿ ಹೆಸರು ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದಿತು. 1979ರ ಜಿ.ಟಿ. ಲಾಡ್ ಪ್ರಕರಣದಲ್ಲಿ, ಕೆಲಸ ತ್ಯಜಿಸುವ ಉದ್ದೇಶ ಇದ್ದರೆ ಮಾತ್ರ ಅದು ಕರ್ತವ್ಯತ್ಯಾಗ ಎಂದಿತ್ತು. ಕಾಣೆಯಾದವನ ಉದ್ದೇಶವನ್ನು ಕಂಪನಿ ಹೇಗೆ ಸಾಬೀತು ಮಾಡುತ್ತದೆ?

ಪಿಎಫ್_ಗುಮಾಸ್ತ:
ಕೆಲಸ ಬಿಟ್ಟ ದಿನಾಂಕ ಯಾಕೆ ಅಷ್ಟು ಮುಖ್ಯ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಪಿಎಫ್ ಕಚೇರಿಯಲ್ಲಿ ಹೆಂಡತಿಗೆ ಬರುವುದು ಮೂರು ಬೇರೆ ಬೇರೆ ಹಣ. ಒಂದು, ಖಾತೆಯಲ್ಲಿರುವ ಪಿಎಫ್ ಮೊತ್ತ. ಅದು ಎಲ್ಲೂ ಓಡಿಹೋಗುವುದಿಲ್ಲ. ಎರಡು, ಇಪಿಎಸ್ 1995ರ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ವಿಧವಾ ಪಿಂಚಣಿ. ಮೂರು, ಇಡಿಎಲ್‌ಐ, ಅಂದರೆ ಪಿಎಫ್ ಸದಸ್ಯರ ಜೀವವಿಮೆ, 2021ರಿಂದ ಗರಿಷ್ಠ 7 ಲಕ್ಷ.

ಇಡಿಎಲ್‌ಐ ಸಿಗುವುದು ಸರ್ವೀಸಿನಲ್ಲಿದ್ದಾಗ ಸತ್ತರೆ. ರಾಜೀನಾಮೆ ಹಾಕಿಸಿದ ಮರುಕ್ಷಣ ಈ 7 ಲಕ್ಷದ ಬಾಗಿಲು ಮುಚ್ಚಿತು. ಪಿಂಚಣಿಯಲ್ಲೂ ಹಾಗೇ. ಸರ್ವೀಸಿನಲ್ಲಿದ್ದಾಗ ಮರಣವಾದರೆ ಒಂದೇ ಒಂದು ತಿಂಗಳ ವಂತಿಗೆ ಇದ್ದರೂ ವಿಧವಾ ಪಿಂಚಣಿ ಬರುತ್ತದೆ. ಕೆಲಸ ಬಿಟ್ಟ ಮೇಲೆ ಮರಣವಾದರೆ 10 ವರ್ಷದ ಅರ್ಹ ಸೇವೆ ಬೇಕು. ನಿಮ್ಮ ಪ್ರಕರಣದಲ್ಲಿ 11 ವರ್ಷ ಇದೆ, ಬಚಾವ್. 6 ವರ್ಷ ಸರ್ವೀಸಿನವರಾಗಿದ್ದರೆ ತಿಂಗಳ ಪಿಂಚಣಿಯೇ ಇಲ್ಲ.

ಕಂಪನಿ ಪ್ರತಿ ತಿಂಗಳು ಇಸಿಆರ್ (ಪಿಎಫ್ ಕಚೇರಿಗೆ ಕೊಡುವ ತಿಂಗಳ ಲೆಕ್ಕಪಟ್ಟಿ) ಹಾಕುವಾಗ ಈತನ ಸಾಲಿನಲ್ಲಿ ಸಂಬಳ ಸೊನ್ನೆ ಹಾಕಿ, ವಂತಿಗೆ ಇಲ್ಲದ ದಿನಗಳ ಅಂಕಣದಲ್ಲಿ ತಿಂಗಳ ಪೂರ್ತಿ ದಿನ ತೋರಿಸಬಹುದು. ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ. ಎಚ್‌ಆರ್ ಜೊತೆ ಮಾತಾಡುವಾಗ ಇದನ್ನು ಹೇಳಿ. ಎಷ್ಟೋ ಸಲ ಅವರಿಗೂ ಹೊಳೆದಿರುವುದಿಲ್ಲ.

ಇನ್ನೊಂದು. ಗಂಡನ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ), ಆಧಾರ್ ಒಟಿಪಿ ಮನೆಯಲ್ಲೇ ಇರುವ ಫೋನಿಗೆ ಬರುತ್ತದೆ ಅಂತ ಆನ್‌ಲೈನ್‌ನಲ್ಲಿ ಅಡ್ವಾನ್ಸ್ ತೆಗೆಯಬೇಡಿ. ಅವರ ಹೆಸರಿನ ಅರ್ಜಿ, ಅವರ ಒಟಿಪಿ. ದಾಖಲೆಯ ಪ್ರಕಾರ ಆ ದಿನ ಅವರು ಜೀವಂತ!

ಮೂರು_ಕಾಸು:
ಇಷ್ಟೆಲ್ಲ ಯಾಕೆ ಸ್ವಾಮಿ, 7 ವರ್ಷ ಆಗುವವರೆಗೆ ಏನೂ ಸಿಗಲ್ಲ. 7 ವರ್ಷ ಆದಮೇಲೆ ತಾನಾಗೇ ಸತ್ತಂತೆ ಲೆಕ್ಕ, ಎಲ್ಲಾ ಬರುತ್ತೆ. ಅಲ್ಲಿವರೆಗೆ ಸುಮ್ಮನಿರಬೇಕು ಅಷ್ಟೇ.

ಕೋರ್ಟ್‌ಹಾಲ್_ಹನ್ನೆರಡು:
ಎರಡೂ ತಪ್ಪು. ಈ ನಂಬಿಕೆಯಿಂದಲೇ ಎಷ್ಟೋ ಕುಟುಂಬಗಳು ಕೈಗೆ ಬರಬೇಕಾದ್ದನ್ನು ಕಳೆದುಕೊಂಡಿವೆ.

ತಾನಾಗಿ ಏನೂ ಆಗುವುದಿಲ್ಲ. ಹಿಂದಿನ ಸಾಕ್ಷ್ಯ ಕಾಯ್ದೆಯ ಕಲಂ 108, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 111 (2024ರ ಜುಲೈ 1ರಿಂದ ಜಾರಿ) ಹೇಳುವುದು ಇಷ್ಟೇ: ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ 7 ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಆತ ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಇದು ರುಜುವಾತಿನ ಹೊರೆ ಯಾರ ಮೇಲೆ ಅನ್ನುವ ನಿಯಮ. ಯಾರಾದರೂ ಕೋರ್ಟಿನ ಮುಂದೆ ಪ್ರಶ್ನೆ ಎತ್ತಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಸತ್ತ ದಿನ ಯಾವುದು ಅಂತಲೂ ಈ ಕಲಂ ಹೇಳುವುದಿಲ್ಲ. ಎಲ್‌ಐಸಿ ವಿರುದ್ಧ ಅನುರಾಧಾ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಮರಣದ ದಿನಾಂಕಕ್ಕೆ ಬೇರೆ ಸಾಕ್ಷ್ಯ ಬೇಕು. ಕಾಣೆಯಾದ ದಿನವೇ ಸತ್ತ ಎಂದು ಊಹಿಸಿ, ಪ್ರೀಮಿಯಂ ಕಟ್ಟದೆ ಬಿಟ್ಟ ಪಾಲಿಸಿಯ ಹಣ ಕೇಳುವ ಹಾಗಿಲ್ಲ.

ಇನ್ನು "ಏನೂ ಸಿಗಲ್ಲ" ಅನ್ನುವುದು. ದುಡಿದ ದಿನಗಳ ಸಂಬಳ, ಬೋನಸ್ ಬಾಕಿ ಇದೆಯಲ್ಲ? ಹಳೆಯ ವೇತನ ಪಾವತಿ ಕಾಯ್ದೆಯ 25ಎ ಕಲಂ, ಈಗ ವೇತನ ಸಂಹಿತೆಯ ಕಲಂ 44, ನೌಕರ ಸತ್ತರೆ ಮಾತ್ರವಲ್ಲ, "ಎಲ್ಲಿದ್ದಾನೆಂದು ತಿಳಿಯದಿದ್ದರೂ" ನಾಮಿನಿಗೆ ಕೊಡಬೇಕು ಅನ್ನುತ್ತದೆ. ನಾಮಿನಿ ಇಲ್ಲದಿದ್ದರೆ ಕಂಪನಿ ಆ ಹಣವನ್ನು ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಇದಕ್ಕೆ ಮರಣ ಪತ್ರ ಬೇಡ, 7 ವರ್ಷವೂ ಬೇಡ. ಕಲಂ ನಂಬರು ಬರೆದು ಕೇಳಿ.

ಕಡತ_ವಿಲೇವಾರಿ:
ಕೇಂದ್ರ ಸರ್ಕಾರದ ನೌಕರರಾದರೆ ದಾರಿ ಇನ್ನೂ ಸುಲಭ. ಸಿಸಿಎಸ್ (ಕೇಂದ್ರ ನಾಗರಿಕ ಸೇವೆಗಳ) ಪಿಂಚಣಿ ನಿಯಮ 2021ರಲ್ಲಿ ಇದಕ್ಕೆಂದೇ ನಿಯಮ 51 ಇದೆ. ಪೊಲೀಸ್ ದೂರು ದಾಖಲಾಗಿ 6 ತಿಂಗಳಾದ ಮೇಲೆ ಕುಟುಂಬ ಪಿಂಚಣಿ, ಬಾಕಿ ಸಂಬಳ, ರಜೆ ನಗದೀಕರಣ, ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ), ಗ್ರಾಚ್ಯುಟಿಗೆ ಕಚೇರಿ ಮುಖ್ಯಸ್ಥರಿಗೆ ಅರ್ಜಿ ಹಾಕಬಹುದು. ಮೊದಲು ಕಾಯುವ ಅವಧಿ ಒಂದು ವರ್ಷ ಇತ್ತು.

ಬೇಕಾಗುವುದು ಮೂರು: ದೂರಿನ ಪ್ರತಿ, ಎಲ್ಲ ಪ್ರಯತ್ನ ಮಾಡಿಯೂ ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ, ಜಾಮೀನುದಾರರ ಸಹಿ ಇರುವ ನಷ್ಟಭರ್ತಿ ಬಾಂಡ್. ಜನ ಬಾಂಡಿಗೆ ಹೆದರುತ್ತಾರೆ. ಅದರ ಅರ್ಥ, ಆತ ಮರಳಿ ಬಂದು ಬಾಕಿ ಕೇಳಿದರೆ, ಕುಟುಂಬಕ್ಕೆ ಕೊಟ್ಟದ್ದನ್ನು ಅವನಿಗೆ ಬರಬೇಕಾದ್ದರಲ್ಲಿ ವಜಾ ಮಾಡಿಕೊಳ್ಳುತ್ತಾರೆ ಅಂತ.

ಎಲ್ಲಿ ಹಣ ಸೋರುತ್ತದೆ ನೋಡಿ. ಕುಟುಂಬ ಪಿಂಚಣಿ ಲೆಕ್ಕಕ್ಕೆ ಹಿಡಿಯುವುದು ಕಾಣೆಯಾದ ದಿನದಿಂದ ಅಲ್ಲ. ದೂರು ಕೊಟ್ಟ ದಿನ ಅಥವಾ ರಜೆ ಮುಗಿದ ದಿನ, ಯಾವುದು ತಡವೋ ಅಲ್ಲಿಂದ. "ಮರ್ಯಾದೆ ಹೋಗುತ್ತೆ, ನೆಂಟರ ಮನೆಯಲ್ಲಿ ವಿಚಾರಿಸೋಣ" ಅಂತ ಎಂಟು ತಿಂಗಳು ಕಳೆದು ಠಾಣೆಗೆ ಹೋದರೆ ಆ ಎಂಟು ತಿಂಗಳು ಖೋತಾ.

ಗ್ರಾಚ್ಯುಟಿಯಲ್ಲಿ ಮೊದಲು ನಿವೃತ್ತಿ ಗ್ರಾಚ್ಯುಟಿ ಕೊಡುತ್ತಾರೆ. ಮರಣ ಗ್ರಾಚ್ಯುಟಿಗೂ ಅದಕ್ಕೂ ಇರುವ ವ್ಯತ್ಯಾಸದ ಹಣ, ಮರಣ ಖಚಿತವಾದ ಮೇಲೆ ಅಥವಾ ದೂರಿನಿಂದ 7 ವರ್ಷವಾದ ಮೇಲೆ. ಎರಡನೇ ಅರ್ಜಿಯನ್ನು ಮರೆಯುವವರು ಜಾಸ್ತಿ, ಕಚೇರಿಯವರು ನೆನಪಿಸುವುದಿಲ್ಲ. ಎನ್‌ಪಿಎಸ್‌ನಲ್ಲಿರುವ (ಹೊಸ ಪಿಂಚಣಿ ಯೋಜನೆ) ಕೇಂದ್ರ ನೌಕರರ ಕುಟುಂಬಕ್ಕೂ 2022ರಿಂದ ಈ ಅನುಕೂಲ ಇದೆ.

ಹಣ ದುರುಪಯೋಗದ ಆರೋಪ ಹೊತ್ತು ಕಾಣೆಯಾದವರಿಗೆ ಮಾತ್ರ ಆರು ತಿಂಗಳ ಲೆಕ್ಕ ನಡೆಯುವುದಿಲ್ಲ. ಆ ಪ್ರಕರಣ ಇತ್ಯರ್ಥವಾಗಬೇಕು.

ಕೆಂಪು_ಪಟ್ಟಿ:
ರಾಜ್ಯ ಸರ್ಕಾರದವರು ಇದನ್ನು ಓದಿ ನಮಗೂ ಆರೇ ತಿಂಗಳು ಅಂದುಕೊಳ್ಳಬೇಡಿ. ಕೇಂದ್ರದ ನಿಯಮ ಕರ್ನಾಟಕದ ನೌಕರರಿಗೆ ನೇರ ಅನ್ವಯಿಸದು. ಡಿಡಿಓಗೆ (ಸಂಬಳ ಬಟವಾಡೆ ಅಧಿಕಾರಿ) ಲಿಖಿತ ಅರ್ಜಿ ಕೊಟ್ಟು, ಯಾವ ಆದೇಶದಡಿ ಏನು ಕೊಡುತ್ತೀರಿ ಅಂತ ಹಿಂಬರಹ (ಲಿಖಿತ ಉತ್ತರ) ಕೇಳಿ. ಬಾಯಿಮಾತಿನಲ್ಲಿ "ಬರಲ್ಲ" ಅಂದರೆ ಎದ್ದು ಬರಬೇಡಿ.

ಸಂಘದ_ಮೇಜು:
ಠಾಣೆಯ ವಿಷಯ. ಆಯಮ್ಮನ ಕೈಲಿರುವುದು ಠಾಣೆಯವರು ಕೊಟ್ಟ ಒಂದು ಸ್ವೀಕೃತಿ ಚೀಟಿ ಮಾತ್ರ. ಎಫ್‌ಐಆರ್ ಅಂತ ಎಲ್ಲೂ ಇಲ್ಲ.

ಕಡತ_ವಿಲೇವಾರಿ:
ಅದು ಸಾಲದು. ನಾಳೆಯೇ ಹೋಗಿ "ಮನುಷ್ಯ ಕಾಣೆ" ಪ್ರಕರಣ ದಾಖಲಿಸಿ ಎಫ್‌ಐಆರ್ ಪ್ರತಿ ಕೊಡಿ ಅಂತ ಕೇಳಲಿ. ದೂರುದಾರರಿಗೆ ಪ್ರತಿ ಉಚಿತ. ಸರಹದ್ದು ನಮ್ಮದಲ್ಲ ಅಂದರೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಕಲಂ 173ರಡಿ ಯಾವ ಠಾಣೆಯಲ್ಲಾದರೂ ದಾಖಲಿಸಬೇಕು, ಆಮೇಲೆ ವರ್ಗಾಯಿಸಿಕೊಳ್ಳಲಿ. ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿ ಅಥವಾ ಡಿಸಿಪಿಗೆ ಅಂಚೆಯಲ್ಲಿ ಕಳಿಸಬಹುದು.

ಎಫ್‌ಐಆರ್ ಬಂದ ತಕ್ಷಣ ಅಲ್ಲೇ ನಿಂತು ಓದಿ. ತಂದೆಯ ಹೆಸರು, ಆಧಾರ್‌ನಲ್ಲಿರುವಂತೆ ಹೆಸರಿನ ಕಾಗುಣಿತ, ಕೊನೆಗೆ ನೋಡಿದ ದಿನ, ಸಮಯ, ಜಾಗ, ಕಾರ್ಖಾನೆಯ ಹೆಸರು. ಪಿಎಫ್‌ನಲ್ಲಿ ಒಂದು ಹೆಸರು, ಎಫ್‌ಐಆರ್‌ನಲ್ಲಿ ಇನ್ನೊಂದು ಅಂದರೆ ಏಳು ವರ್ಷದ ನಂತರ ಅದನ್ನು ಸರಿಪಡಿಸುವುದಕ್ಕೇ ಇನ್ನೊಂದು ವರ್ಷ. ಮತ್ತೊಂದು ಮಾತು, "ಮನೆಯಲ್ಲಿ ಜಗಳವಾಡಿ ಹೋದರು" ಅಂತ ಬರಹಗಾರರು ತಾವಾಗಿ ಸೇರಿಸುವುದುಂಟು. ನಿಜವಾಗಿದ್ದರೆ ಇರಲಿ, ಸುಳ್ಳಾಗಿದ್ದರೆ ಸಹಿ ಹಾಕಬೇಡಿ. ಸ್ವಂತ ಮನಸ್ಸಿನಿಂದ ಹೋದವನು ಅಂತ ಕಂಪನಿ ವಾದಿಸಲು ಆ ಒಂದು ಸಾಲು ಸಾಕು.

ಆರು ತಿಂಗಳಿಗೊಮ್ಮೆ ತನಿಖೆ ಎಲ್ಲಿಗೆ ಬಂತು ಅಂತ ಬರೆದು ಕೇಳುತ್ತಿರಿ. ಉತ್ತರ ಬರದಿದ್ದರೂ ನಿಮ್ಮ ಪತ್ರದ ರಸೀದಿ ಉಳಿಯುತ್ತದೆ.

ಬಂದರು_ದಕ್ಕೆ:
ನಮ್ಮ ಕರಾವಳಿಯ ಲೆಕ್ಕ ಸ್ವಲ್ಪ ಬೇರೆ ಮಾರಾಯ್ರೆ. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯ್ತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡಲಲ್ಲಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹುಡುಕಿದ್ದು. ಬೋಟು ಮುಳುಗಿದ್ದು ಖಾತ್ರಿಯಾದ ಮೇಲೆ ಇದು ಬರೀ "ಸುದ್ದಿ ಇಲ್ಲ" ಅನ್ನುವ ಪ್ರಕರಣ ಅಲ್ಲ. ಸಾವನ್ನು ಸಾಂದರ್ಭಿಕ ಸಾಕ್ಷ್ಯದಿಂದಲೇ ರುಜು ಮಾಡಬಹುದು, ಏಳು ವರ್ಷದ ಊಹೆಯ ಆಸರೆ ಬೇಕಾಗಿಲ್ಲ.

ಹಡಗಿನ ಕೆಲಸಗಾರರಿಗೆ ಹಳೆಯ ನೌಕರರ ಪರಿಹಾರ ಕಾಯ್ದೆ 1923ರ ಕಲಂ 15ರಲ್ಲೇ ಇದನ್ನು ಯೋಚಿಸಿದ್ದರು: ಹಡಗು ಎಲ್ಲರ ಸಮೇತ ಕಾಣೆಯಾದರೆ 18 ತಿಂಗಳೊಳಗೆ ಪರಿಹಾರ ಕೇಳಬೇಕು. ಏಳು ವರ್ಷ ಕಾಯುತ್ತಾ ಕೂತವರಿಗೆ ಗಡುವೇ ದಾಟಿಹೋಗುತ್ತದೆ. ಮೀನುಗಾರರಿಗೆ ಮತ್ಸ್ಯಸಂಪದ ಯೋಜನೆಯ ಗುಂಪು ಅಪಘಾತ ವಿಮೆ 5 ಲಕ್ಷ ಇದೆ. ಅದಕ್ಕೆ ಇವರು ಆ ಟ್ರಿಪ್ಪಿಗೆ ಬೋಟಿನಲ್ಲಿದ್ದರು ಅಂತ ತೋರಿಸಬೇಕಲ್ಲ? ಕಡಲಿಗಿಳಿಯುವ ಮುಂಚೆ ಯಾರ್ಯಾರು ಹತ್ತಿದರು ಅಂತ ಪಟ್ಟಿ ದಡದಲ್ಲಿ ಬಿಟ್ಟು ಹೋಗುವುದು ಅದಕ್ಕೇ.

ಕೋರ್ಟ್‌ಹಾಲ್_ಹನ್ನೆರಡು:
ದಕ್ಕೆಯವರು ಹೇಳಿದ್ದು ಸರಿ. ವಿಪತ್ತುಗಳಲ್ಲೂ ಹಾಗೇ. 2013ರ ಉತ್ತರಾಖಂಡ ಪ್ರವಾಹ, 2021ರ ಚಮೋಲಿ ದುರಂತದಲ್ಲಿ ಕಾಣೆಯಾದವರಿಗೆ ವಿಶೇಷ ಕ್ರಮದಲ್ಲಿ ಮರಣ ನೋಂದಣಿ ಮಾಡಿದರು. ಚಮೋಲಿಯಲ್ಲಿ ಕಾಣೆಯಾದವರಲ್ಲಿ ಹೆಚ್ಚಿನವರು ಜಲವಿದ್ಯುತ್ ಯೋಜನೆಯ ಕಾರ್ಮಿಕರೇ. ದೂರು, ಸ್ಥಳೀಯ ವಿಚಾರಣೆ, ಹೆಸರು ಪ್ರಕಟಿಸಿ 30 ದಿನ ಆಕ್ಷೇಪಣೆಗೆ ಅವಕಾಶ, ಆಮೇಲೆ ಪತ್ರ. ವಯನಾಡಿನ 2024ರ ಭೂಕುಸಿತದಲ್ಲಿ ಕಾಣೆಯಾದವರನ್ನೂ ಕೇರಳ ಸರ್ಕಾರ 2025ರ ಜನವರಿಯಲ್ಲಿ ಮೃತರೆಂದು ಪರಿಗಣಿಸಿತು. ಆದರೆ ಇದಕ್ಕೆ ಸರ್ಕಾರದ ಆದೇಶ ಬೇಕು. ಗೇಟಿನಿಂದ ಮನೆಗೆ ಹೊರಟು ಮಾಯವಾದವರಿಗೆ ಈ ಒಳದಾರಿ ಇಲ್ಲ.

ಅವರಿಗೆ ದಾವಾ. ವಿಶೇಷ ಪರಿಹಾರ ಕಾಯ್ದೆ 1963ರ ಕಲಂ 34ರಡಿ ಘೋಷಣಾ ದಾವೆ (ಆತ ಮೃತ ಎಂದು ಘೋಷಿಸಿ ಅಂತ ಕೇಳುವುದು), ಸಿವಿಲ್ ನ್ಯಾಯಾಲಯದಲ್ಲಿ. ಪ್ರತಿವಾದಿಗಳು: ರಾಜ್ಯ ಸರ್ಕಾರ, ಜನನ ಮರಣ ನೋಂದಣಾಧಿಕಾರಿ, ಉದ್ಯೋಗದಾತ. ಅತ್ತೆ ಮಾವ ಬದುಕಿದ್ದರೆ ವಾದಿಗಳಾಗಿ ಅಥವಾ ಪ್ರತಿವಾದಿಗಳಾಗಿ ಸೇರಿಸಿ, ಇಲ್ಲದಿದ್ದರೆ ಪಿಎಫ್ ಹಂಚುವ ದಿನ ಹೊಸ ತಕರಾರು. ಸರ್ಕಾರ ಪಾರ್ಟಿ ಆಗಿರುವುದರಿಂದ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 80ರ ನೋಟಿಸ್ ಕೊಟ್ಟು 2 ತಿಂಗಳು ಬಿಡಬೇಕು. ಇದನ್ನು ಮರೆತು ದಾವಾ ಹಾಕಿ, ತಿರುಗಿ ಮೊದಲಿಂದ ಶುರು ಮಾಡಿದವರಿಗೆ ಲೆಕ್ಕವಿಲ್ಲ. ಏಳು ವರ್ಷ ತುಂಬುವ ಮುಂಚೆ ದಾವಾ ಹಾಕಿದರೂ ಅದೇ ಗತಿ.

ಸಾಕ್ಷಿಗೆ ಹೆಂಡತಿ ಒಬ್ಬರೇ ಸಾಲದು. ಒಡಹುಟ್ಟಿದವರು ಒಬ್ಬರು, ಜೊತೆ ಕೆಲಸಗಾರ ಒಬ್ಬರು, ಪೊಲೀಸ್ ದಾಖಲೆ. ಏಳು ವರ್ಷದಲ್ಲಿ ವಹಿವಾಟೇ ಇಲ್ಲದ ಬ್ಯಾಂಕ್ ಸ್ಟೇಟ್‌ಮೆಂಟ್ ಬಹಳ ಬಲವಾದ ಸಾಕ್ಷ್ಯ.

ಮರಣದ ದಿನಾಂಕವನ್ನೂ ಡಿಕ್ರಿಯಲ್ಲಿ (ದಾವೆಯ ಅಂತಿಮ ಆದೇಶ) ನಮೂದಿಸಬೇಕು ಅಂತ ಪ್ರಾರ್ಥನೆಯಲ್ಲೇ ಕೇಳಿ, ಅದಕ್ಕೆ ಸಾಕ್ಷ್ಯ ಕೊಡಿ. ಬರೀ "ಮೃತರೆಂದು ಭಾವಿಸತಕ್ಕದ್ದು" ಅಂದರೆ ಪಿಎಫ್ ಕಚೇರಿ "ಯಾವತ್ತು?" ಅನ್ನುತ್ತದೆ. ದಿನಾಂಕದಲ್ಲೇ ಎಲ್ಲ ನಿಂತಿದೆ. ನಾಗಪುರ ಮಹಾನಗರಪಾಲಿಕೆ ನೌಕರನೊಬ್ಬನ ಪ್ರಕರಣದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್, ಬೇರೆ ಸಾಕ್ಷ್ಯ ಇಲ್ಲದಿದ್ದರೆ ಕಾಣೆಯಾದ ದಿನವನ್ನೇ ಸತ್ತ ದಿನ ಅನ್ನಲಾಗದು ಎಂದಿತು. ಏಳು ವರ್ಷ ತುಂಬುವ ಮೊದಲೇ ನಿವೃತ್ತಿ ವಯಸ್ಸು ದಾಟಿತ್ತು, ಸೇವೆಯಲ್ಲಿದ್ದಾಗ ಸತ್ತವರ ಮನೆಯವರಿಗೆ ಕೊಡುವ ಅನುಕಂಪದ ನೌಕರಿ ಸಿಗಲಿಲ್ಲ.

ಡಿಕ್ರಿ ಬಂದ ಮೇಲೆ ದೃಢೀಕೃತ ಪ್ರತಿ ಹಿಡಿದು ಮರಣ ನೋಂದಣಿ. ಅಷ್ಟು ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಕೇಳುತ್ತಾರೆ. ಯಾರು ಆದೇಶ ಮಾಡಬೇಕೆಂಬುದು 2023ರ ತಿದ್ದುಪಡಿಯಲ್ಲಿ ಬದಲಾಗಿದೆ, ಹಳೆಯ ವಕೀಲರ ಮಾತು ನಂಬಿ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಓಡಬೇಡಿ. ಈಗ ಅದು ಜಿಲ್ಲಾ, ಉಪವಿಭಾಗ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೆಲಸ.

ಮೂರು_ಕಾಸು:
ಸರಿ, ತಪ್ಪೊಪ್ಪಿಕೊಂಡೆ. ಅನುಕಂಪದ ನೌಕರಿಗೂ ಡಿಕ್ರಿ ಬೇಕಾ?

ಕೆಂಪು_ಪಟ್ಟಿ:
ಕೇಂದ್ರದಲ್ಲಿ ಬೇಡ. ಕಾಣೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು, ಎಫ್‌ಐಆರ್ ಇರಬೇಕು, ಪ್ರಕರಣ ನಿಜವೆಂದು ಸಕ್ಷಮ ಪ್ರಾಧಿಕಾರಕ್ಕೆ ಮನದಟ್ಟಾಗಬೇಕು. ನಿವೃತ್ತಿಗೆ 2 ವರ್ಷಕ್ಕಿಂತ ಕಡಿಮೆ ಇದ್ದವರಿಗೆ, ವಂಚನೆಯ ಶಂಕೆ ಇದ್ದವರಿಗೆ, ವಿದೇಶಕ್ಕೆ ಹೋಗಿರಬಹುದಾದವರಿಗೆ ಇಲ್ಲ. ಹಕ್ಕಾಗಿ ಕೇಳುವಂಥದ್ದೂ ಅಲ್ಲ. ಕರ್ನಾಟಕದ 1996ರ ನಿಯಮಗಳಲ್ಲಿ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಅಂತಿದೆ, ಇಲ್ಲೂ ಡಿಕ್ರಿಯ ದಿನಾಂಕ ಬಂದು ಕುತ್ತಿಗೆಗೆ ಕೂರುತ್ತದೆ. ಕಾಣೆಯಾದ ಮೊದಲ ವರ್ಷದಲ್ಲೇ ಒಂದು ಅರ್ಜಿ ಟಪಾಲಿಗೆ ಹಾಕಿ ಸ್ವೀಕೃತಿ ಇಟ್ಟುಕೊಳ್ಳಿ. ತಿರಸ್ಕರಿಸಿದರೂ ಪರವಾಗಿಲ್ಲ, ಗಡುವು ಮೀರಿದೆ ಅಂತ ನಾಳೆ ಹೇಳಲಾಗದು.

ಪಿಎಫ್_ಗುಮಾಸ್ತ:
ಹೆಂಗಸರಿಗೆ ಯಾರೋ ಕೊಡುವ ಒಂದು ಸಲಹೆ ಬಹಳ ಹಾನಿ ಮಾಡುತ್ತದೆ: "ಹಿಂದೂ ವಿವಾಹ ಕಾಯ್ದೆಯಲ್ಲಿ ಏಳು ವರ್ಷ ಕಾಣದ ಗಂಡನಿಂದ ಡೈವೋರ್ಸ್ ಸಿಗುತ್ತೆ, ಅದೇ ಸುಲಭ" ಅಂತ. ಹೌದು, ಕಲಂ 13ರಲ್ಲಿದೆ. ಆದರೆ ವಿಚ್ಛೇದನ ಪಡೆದವರು ವಿಧವೆಯಲ್ಲ. ವಿಧವಾ ಪಿಂಚಣಿ ಕೈತಪ್ಪಿತು. ಮರುಮದುವೆಯ ಯೋಚನೆ ಇದ್ದರೆ ಮಾತು ಬೇರೆ (ಇಪಿಎಸ್ ವಿಧವಾ ಪಿಂಚಣಿ ಮರುಮದುವೆಯಾದರೂ ನಿಲ್ಲುತ್ತದೆ). ಪಿಂಚಣಿ ಬೇಕಾದವರು ಮರಣ ಘೋಷಣೆಯ ದಾವೆಯನ್ನೇ ಹಾಕಬೇಕು.

ಇಪಿಎಸ್‌ನಲ್ಲಿ ಹೆಂಡತಿಯ ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ, ವಿಧವಾ ಪಿಂಚಣಿಯ ತಲಾ ಶೇ. 25 ಬರುತ್ತದೆ. ಪಿಂಚಣಿ ಅರ್ಜಿಯಾದ ಫಾರ್ಮ್ 10ಡಿಯಲ್ಲೇ ಮಕ್ಕಳ ಹೆಸರು ಸೇರಿಸಿ. ಏಳು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಮಗುವಿಗೆ 25 ದಾಟಿದ್ದರೂ ಮರಣದ ದಿನಾಂಕ ಹಿಂದಿನದಾದರೆ ಆ ಅವಧಿಯ ಬಾಕಿ ಕೇಳಲು ದಾರಿ ಇರುತ್ತದೆ. ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ, ಆ ಕಾಗದ ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಗ್ರಾಚ್ಯುಟಿಯನ್ನೂ ಹೇಳಿಬಿಡುತ್ತೇನೆ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಸರ್ವೀಸಿನ ಪ್ರತಿ ವರ್ಷಕ್ಕೆ 15 ದಿನದ ಸಂಬಳ: 22,000 ಗುಣಿಸು 15, ಭಾಗಿಸು 26, ಗುಣಿಸು 11. ಸುಮಾರು 1,39,615. ಮರಣವಾದರೆ 5 ವರ್ಷದ ಷರತ್ತೂ ಇಲ್ಲ.

ಪಾಸ್‌ಬುಕ್_ಪುಟ:
ಬ್ಯಾಂಕಿನ ಕಡೆಯಿಂದ ಎರಡು ಮಾತು. ಗಂಡನ ಎಟಿಎಂ ಕಾರ್ಡಿನ ಪಿನ್ ಗೊತ್ತಿದೆ ಅಂತ ಹಣ ತೆಗೆಯುವುದು, ಅವರ ಸಿಮ್ಮಿನಿಂದ ಯುಪಿಐ ಮಾಡುವುದು ಬೇಡ. ಕೋರ್ಟ್‌ಹಾಲ್‌ನವರು ಹೇಳಿದ "ವಹಿವಾಟೇ ಇಲ್ಲದ ಸ್ಟೇಟ್‌ಮೆಂಟ್" ಅಲ್ಲಿಗೆ ಮುಗಿಯಿತು. ಪೊಲೀಸರೂ ಆತ ಬದುಕಿದ್ದಾನೆ ಅಂತ ತಪ್ಪು ಜಾಡು ಹಿಡಿಯುತ್ತಾರೆ. ಈಗಾಗಲೇ ತೆಗೆದಿದ್ದರೆ ಯಾವತ್ತು ಎಷ್ಟು ಅಂತ ತನಿಖಾಧಿಕಾರಿಗೆ ಬರೆದು ಕೊಟ್ಟುಬಿಡಿ.

ಹಾಗೆಂದು ಆ ಹಣಕ್ಕೂ ಏಳು ವರ್ಷ ಕಾಯಬೇಕಾಗಿಲ್ಲ. 2008ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದ ಪ್ರಕಾರ ಪ್ರತಿ ಬ್ಯಾಂಕಿನಲ್ಲೂ ಒಂದು ಮಿತಿ ಇರುತ್ತದೆ. ಅದರೊಳಗಿನ ಮೊತ್ತವಾದರೆ ಎಫ್‌ಐಆರ್, ಪತ್ತೆಯಾಗದ ವರದಿ, ನಷ್ಟಭರ್ತಿ ಪತ್ರದ ಮೇಲೆ ಕೊಡಬಹುದು. ಶಾಖೆಯವರಿಗೆ ಗೊತ್ತಿಲ್ಲದಿದ್ದರೆ "ಕಾಣೆಯಾದವರ ಕ್ಲೇಮ್ ನೀತಿ" ಅಂತ ಹೆಸರು ಹೇಳಿ ಕೇಳಿ.

ವಿಮೆಗೆ ಕಂತು ನಿಲ್ಲಿಸಲೇಬೇಡಿ. ಎಲ್‌ಐಸಿ ಪ್ರೀಮಿಯಂ ಯಾರು ಬೇಕಾದರೂ ಕಟ್ಟಬಹುದು. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಅದು ಮೇ ಕೊನೆಯಲ್ಲಿ ಗಂಡನ ಖಾತೆಯಿಂದಲೇ ಕಡಿತವಾಗುತ್ತದೆ. ಸಂಬಳ ನಿಂತ ಖಾತೆ ಬರಿದಾಗಿದ್ದರೆ 2 ಲಕ್ಷದ ವಿಮೆ ರದ್ದು. ಮೇ ಮಧ್ಯದಲ್ಲಿ ಹೆಂಡತಿ ತನ್ನ ಖಾತೆಯಿಂದ ಐನೂರು ರೂಪಾಯಿ ಅಲ್ಲಿಗೆ ಹಾಕಿಬಿಡಲಿ. ಹಾಕುವುದು ತೊಂದರೆಯಿಲ್ಲ, ತೆಗೆಯುವುದೇ ತೊಂದರೆ.

ಸಂಘದ_ಮೇಜು:
ನೋಟಿಸಿಗೆ ಉತ್ತರ ಸಿದ್ಧ ಮಾಡಿದೆವು. ಕೊನೆಯ ಶಿಫ್ಟಿನ ಗೇಟ್ ಪಂಚ್ ದಾಖಲೆ ಕೇಳಿದರೆ ಎಚ್‌ಆರ್ ಕೊಡಲ್ಲ ಅಂತಿದ್ದಾರೆ. ಸಿಸಿಟಿವಿ ಬೇರೆ ಅಳಿಸಿಹೋಗುತ್ತದಲ್ಲ?

ಕಡತ_ವಿಲೇವಾರಿ:
40 ದಿನಕ್ಕೆ ಬಹುಶಃ ಅಳಿಸಿಹೋಗಿರುತ್ತದೆ, ಆದರೂ ಇವತ್ತೇ ತನಿಖಾಧಿಕಾರಿಗೆ ಒಂದು ಅರ್ಜಿ: ಇಂಥ ದಿನದ ಗೇಟಿನ ದೃಶ್ಯ, ಪಂಚ್ ದಾಖಲೆ, ಫೋನಿನ ಕರೆ ವಿವರ ವಶಪಡಿಸಿಕೊಳ್ಳಿ ಅಂತ. ಮೊಬೈಲ್ ಕಂಪನಿಯ ವಿವರ ಪೊಲೀಸರು ಕೇಳಿದರೆ ಮಾತ್ರ ಸಿಗುತ್ತದೆ. ಅದೇ ಅರ್ಜಿಯ ಪ್ರತಿಯನ್ನು ಕಂಪನಿಗೂ ಕಳಿಸಿ, ದಾಖಲೆ ಅಳಿಸದೆ ಕಾಪಾಡಿ ಅಂತ ಒಂದು ಸಾಲು ಸೇರಿಸಿ. ಪಂಚ್ ದಾಖಲೆ ಸಿಗದಿದ್ದರೆ ಆ ತಿಂಗಳ ಪೇ ಸ್ಲಿಪ್ಪಿನಲ್ಲಿ ಹಾಜರಿ ದಿನಗಳ ಲೆಕ್ಕ ಇರುತ್ತದೆ, ಬಾಕಿ ಸಂಬಳ ಕೇಳುವಾಗ ಅದನ್ನೂ ಕೇಳಿ ತೆಗೆದುಕೊಳ್ಳಿ.